ಕೋಳಿಯ ಜ್ವರ ನೋಡುವ ಕಡ್ಡಿ

ನಮ್ಮ ಫ್ರಿಜ್ಜಿನ ಬಾಗಿಲಿಗೆ ಒಂದು ಸಣ್ಣ ಮರದ ಪೆಟ್ಟಿಗೆ ಅಂಟಿಕೊಂಡಿದೆ. ಕನ್ನಡಕದ ಡಬ್ಬಿಗಿಂತ ಸಪೂರ. ಹಿಂದೆ ಅಯಸ್ಕಾಂತ ಇರುವುದರಿಂದ ಬೀಳುವುದಿಲ್ಲ. ಮನೆಗೆ ಬಂದವರು ನೀರು ಕುಡಿಯುತ್ತಾ ಅದನ್ನು ನೋಡುತ್ತಾರೆ. ಕೇಳಲು ಸ್ವಲ್ಪ ಸಂಕೋಚಪಡುತ್ತಾರೆ, ಆಮೇಲೆ ಕೇಳಿಯೇ ಕೇಳುತ್ತಾರೆ. ಊದುಬತ್ತಿಯ ಡಬ್ಬಿಯೇ ಎಂದವರಿದ್ದಾರೆ. ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಇರಬೇಕೆಂದು ಊಹಿಸಿ ನನ್ನ ಹೆಂಡತಿ ಶಶಿಯ ಕಡೆಗೆ ಮರುಕದಿಂದ ನೋಡಿದವರೂ ಇದ್ದಾರೆ.

ಮುಚ್ಚಳ ತೆರೆದರೆ ಒಳಗೆ ಒಂದು ಕಡ್ಡಿ. ಪೆನ್ನಿನ ರೀಫಿಲ್ಲಿಗಿಂತ ತುಸು ದಪ್ಪ. ಒಂದು ತುದಿ ಸೂಜಿಯಂತೆ ಚೂಪು, ಇನ್ನೊಂದು ತುದಿ ಕಪ್ಪು ಪಿಂಗಾಣಿ. ಅದರ ನಿಜವಾದ ಹೆಸರು ವೈರ್‌ಲೆಸ್ ಮೀಟ್ ಥರ್ಮಾಮೀಟರ್. ಮಾಂಸಕ್ಕೆ ಚುಚ್ಚಿ ಒಲೆಗೆ ಇಟ್ಟರೆ ಒಳಗೆ ಎಷ್ಟು ಬಿಸಿಯಾಗಿದೆ ಎಂಬುದನ್ನು ಅದು ಮೊಬೈಲಿಗೆ ಹೇಳಿ ಕಳುಹಿಸುತ್ತದೆ. ನಾವು ಅದನ್ನು ಬರೀ ಕಡ್ಡಿ ಎನ್ನುತ್ತೇವೆ. ಪೇಟೆಯಲ್ಲಿ ಕೋಳಿ ಅಂಗಡಿ ಇಟ್ಟಿರುವ ಹಮೀದ್ ಕಾಕ ಮಾತ್ರ ಅದಕ್ಕೆ ‘ಕೋಳಿಯ ಜ್ವರ ನೋಡುವ ಕಡ್ಡಿ’ ಎಂದು ಪೂರ್ತಿ ಹೆಸರಿಟ್ಟಿದ್ದಾರೆ.

ಅದನ್ನು ತಂದವಳು ನನ್ನ ಅಕ್ಕ ವಾರಿಜ. ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು. ಮದುವೆಯ ಗೊಡವೆಗೆ ಹೋಗಲಿಲ್ಲ. ನಿವೃತ್ತಿಯಾದ ಮೇಲೆ ಬಂಟ್ವಾಳಕ್ಕೆ ಬಂದು ನಮ್ಮ ಜೊತೆಯಲ್ಲೇ ಇದ್ದಳು. ಕಳೆದ ಚಳಿಗಾಲದಲ್ಲಿ ತೀರಿಹೋದಳು. ಈ ವರ್ಷದ ಆಟಿ ತಿಂಗಳಲ್ಲಿ, ತೀರಿಹೋದವರ ಸಾಲಿನಲ್ಲಿ ಅವಳಿಗೆ ಮೊದಲ ಸಲ ಎಲೆ ಹಾಕಿ ಬಡಿಸಬೇಕಿತ್ತು. ಆ ಊಟಕ್ಕಾಗಿ ನಾನು ಈ ಕಡ್ಡಿಯನ್ನು ತೊಳೆಯಬೇಕಾಯಿತು. ಒಂದು ಕಡ್ಡಿ ತೊಳೆಯುವುದರಲ್ಲಿ ಬರೆಯುವಂಥದ್ದು ಏನಿದೆ ಎಂದು ನಿಮಗನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ನಾನು ಪೈಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವನು, ಹತ್ತನೆಯ ತರಗತಿಯ ನಂತರ ಉದ್ದಕ್ಕೆ ಏನನ್ನೂ ಬರೆದವನಲ್ಲ. ಆದರೂ ಅವಳು ಹೋದ ಮೇಲೆ ಇಂಥ ಸಣ್ಣ ಸಂಗತಿಗಳೇ ತಲೆಯಲ್ಲಿ ತಿರುಗುತ್ತಿರುತ್ತವೆ.

ಅಕ್ಕ ಮಸ್ಕತ್ತಿನಿಂದ ಬಂದಾಗ ಸೀರೆ, ಅತ್ತರು, ಬಾದಾಮಿ ಎಲ್ಲ ಬಂದವು. ಜೊತೆಗೆ ಈ ಪೆಟ್ಟಿಗೆಯೂ ಬಂತು. ಆಮೇಲೆ ಅವಳು ಮಂಗಳೂರಿಗೆ ಹೋಗಿ ಒಂದು ಕರೆಂಟಿನ ಓವನ್ ತಂದಳು. ಇಡೀ ಕೋಳಿಗೆ ಮಸಾಲೆ ಹಚ್ಚಿ ಅದರೊಳಗೆ ಕೂರಿಸಿದಳು. ಎದೆಯ ದಪ್ಪ ಭಾಗಕ್ಕೆ ಕಡ್ಡಿ ಚುಚ್ಚಿ ಮೊಬೈಲನ್ನು ಮೇಜಿನ ಮೇಲಿಟ್ಟಳು. ಕೋಳಿ ಎಂದರೆ ತುಂಡು ಮಾಡಿ ತೆಂಗಿನಕಾಯಿ ಅರೆದು ಹಾಕುವುದು ಎಂದು ತಿಳಿದಿದ್ದ ನಮಗೆ ಇದೊಂದು ಆಟದ ಹಾಗಿತ್ತು. ಮೊಬೈಲಿನಲ್ಲಿ ಅಂಕಿ ಏರುತ್ತಿತ್ತು. ನಾನು ಮತ್ತು ಶಶಿ ಕ್ರಿಕೆಟ್ ನೋಡುವವರಂತೆ ಕುಳಿತಿದ್ದೆವು.

“ಐವತ್ತು ಆಯ್ತು ಅಕ್ಕ,” ಎಂದೆ.

“ಚಪ್ಪಾಳೆ ಹೊಡಿ,” ಎಂದಳು ಅಕ್ಕ, ಈರುಳ್ಳಿ ಹೆಚ್ಚುತ್ತಾ. “ಎಪ್ಪತ್ತನಾಲ್ಕು ಆದ್ರೆ ಹೇಳು. ಅದಕ್ಕಿಂತ ಮೊದಲು ಕರೀಬೇಡ.”

ಅಂದು ಅವಳು ಸ್ನಾನಕ್ಕೆ ಹೋಗುವಾಗ ನನ್ನ ಮೊಬೈಲಿಗೂ ಕಡ್ಡಿಯನ್ನು ಜೋಡಿಸಿಕೊಟ್ಟಳು. ಬಚ್ಚಲಿನ ಬಾಗಿಲ ಹೊರಗೆ ನಿಂತು ಅಂಕಿ ಕೂಗುವ ಕೆಲಸ ನನ್ನದಾಯಿತು. ನನಗೆ ಅದರಲ್ಲಿ ಒಂದು ಬಗೆಯ ಗೌರವವೂ ಕಂಡಿತು.

ಕೆಲವು ದಿನಗಳಲ್ಲಿ ಅವಳ ಕುತೂಹಲ ಕೋಳಿಯನ್ನು ದಾಟಿ ಹೋಯಿತು. ಹಲಸಿನ ಬೀಜವನ್ನು ಕೆಂಡದಲ್ಲಿ ಸುಡುವಾಗ ಅದರ ಹೊಟ್ಟೆಯೊಳಗೆ ಎಷ್ಟು ಬಿಸಿ ಇರುತ್ತದೆ? ಕೆಸುವಿನ ಎಲೆಯ ಪತ್ರೊಡೆಯ ಸುರುಳಿಯಲ್ಲಿ ನಡುವಿನ ಪದರ ನಿಜವಾಗಿ ಯಾವಾಗ ಬೇಯುತ್ತದೆ? ಪತ್ರೊಡೆಗೆ ಚುಚ್ಚಿ ಹಬೆಯ ಪಾತ್ರೆಯ ಮುಚ್ಚಳ ಹಾಕಿದಾಗ ಮೊಬೈಲು ಮೂಕವಾಯಿತು. ಲೋಹದ ಪಾತ್ರೆಯೊಳಗಿಂದ ಅದರ ಮಾತು ಹೊರಗೆ ಬರುವುದಿಲ್ಲವೆಂದು ಅಂದು ತಿಳಿಯಿತು. ಓವನ್ನಿನ ಗಾಜಿನ ಬಾಗಿಲಿನಿಂದ ಬರುತ್ತದೆ, ಮರದ ಬಾಗಿಲಿನಿಂದಲೂ ಬರುತ್ತದೆ. ಕಡ್ಡಿಯ ಹಿಂತುದಿ ಪಿಂಗಾಣಿಯದ್ದಾಗಿರುವುದೂ ಅದಕ್ಕೇ. ಮಾತು ಹೊರಡುವುದು ಆ ಕಪ್ಪು ತುದಿಯಿಂದ.

ಹಮೀದ್ ಕಾಕನ ಅಂಗಡಿಗೂ ಅವಳ ಖ್ಯಾತಿ ಹರಡಿತ್ತು. ಅವಳು ಕೋಳಿ ಕೊಳ್ಳುವಾಗ ಯಾವಾಗ ಕೊಯ್ದದ್ದು, ಐಸಿನಲ್ಲಿ ಎಷ್ಟು ಹೊತ್ತು ಇತ್ತು ಎಂದೆಲ್ಲ ವಿಚಾರಿಸುತ್ತಿದ್ದಳು.

“ನಿಮ್ಮ ಅಕ್ಕ ಬಂದ್ರೆ ನನ್ನ ಕೋಳಿಗಳೆಲ್ಲ ಗೂಡಲ್ಲಿ ಎದ್ದು ನಿಲ್ತವೆ ಮಾರಾಯ,” ಎನ್ನುತ್ತಿದ್ದರು ಕಾಕ. “ದೊಡ್ಡ ಡಾಕ್ಟ್ರು ರೌಂಡಿಗೆ ಬಂದ ಹಾಗೆ.”

ಆ ಕಡ್ಡಿಯಿಂದ ನಾನು ನಗೆಪಾಟಲಾದದ್ದೂ ಉಂಟು. ಒಮ್ಮೆ ಮಳೆಯಲ್ಲಿ ನೆನೆದು ಜ್ವರ ಬಂದಿತ್ತು. ಅಕ್ಕ ಬೆಳ್ತಂಗಡಿಗೆ ಯಾವುದೋ ಮದುವೆಗೆ ಹೋಗಿದ್ದಳು. ಮನೆಯ ಮಾಮೂಲಿ ಥರ್ಮಾಮೀಟರ್ ಸಿಗಲಿಲ್ಲ. ಬಿಸಿ ನೋಡುವುದೆಂದರೆ ಎಲ್ಲ ಒಂದೇ ತಾನೇ ಎಂದುಕೊಂಡು ಕಡ್ಡಿಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ. ಮೊಬೈಲು ಹಳೆಯ ಅಭ್ಯಾಸದಂತೆ ನನ್ನನ್ನು ಕೋಳಿ ಎಂದು ತಿಳಿಯಿತು. ಅಂಕಿ ತೋರಿಸಿತು. ಅದರ ಕೆಳಗೆ, ಬೇಯಲು ಇನ್ನೆಷ್ಟು ಹೊತ್ತು ಬೇಕಾಗಬಹುದೆಂದು ಲೆಕ್ಕ ಹಾಕುತ್ತಿದ್ದೇನೆ ಎಂದು ಬರೆಯಿತು. ಲೆಕ್ಕ ಮುಗಿಯಲೇ ಇಲ್ಲ. ಅಕ್ಕ ಬಂದಾಗ ಶಶಿ ಚಾಡಿ ಹೇಳಿದಳು.

ಅಕ್ಕ ನನ್ನ ಹಣೆ ಮುಟ್ಟಿ ನೋಡಿದಳು. “ಸದಾ, ಅದರ ಲೆಕ್ಕ ಸರಿಯೇ ಉಂಟು. ನೀನು ಇನ್ನೂ ಬೇಯಲಿಲ್ಲ. ಈ ವಯಸ್ಸಿನಲ್ಲಿ ಬೇಯುವ ಲಕ್ಷಣವೂ ಇಲ್ಲ.”

ನಾವು ಮನೆಯಲ್ಲಿ ಮಾತಾಡುವುದು ತುಳು. ತುಳುವಿನಲ್ಲಿ ಆ ಮಾತು ಇನ್ನೂ ಚೂಪಾಗಿತ್ತು. ಕನ್ನಡದಲ್ಲಿ ಬರೆಯುವಾಗ ಅರ್ಧ ಮೊನೆ ಮುರಿದುಹೋಯಿತು.

ಈ ಕಡ್ಡಿಯ ಬಗ್ಗೆ ನನಗೆ ಇಂದಿಗೂ ಸೋಜಿಗವಾಗಿ ಉಳಿದಿರುವುದು ಬೇರೆಯೇ ಒಂದು ವಿಷಯ. ಅದರ ಹೊಟ್ಟೆಯೊಳಗೆ ಬ್ಯಾಟರಿ ಇದೆ, ಕೂದಲಿನಂಥ ತಂತಿಗಳಿವೆ. ಅಂಥ ನಾಜೂಕಿನ ವಸ್ತು ಅಷ್ಟು ಸುಡುವ ಓವನ್ನಿನಲ್ಲಿ ಹೇಗೆ ಬದುಕುತ್ತದೆ? ಕೇಳಿದಾಗ ಅಕ್ಕ ಕಡ್ಡಿಯ ಮೇಲಿನ ಒಂದು ಸಣ್ಣ ಗೆರೆ ತೋರಿಸಿದಳು. ಆ ಗೆರೆಯವರೆಗೆ ಮಾಂಸದೊಳಗೆ ಹೋಗಿರಬೇಕು. ಮಾಂಸದಲ್ಲಿ ನೀರಿನ ಪಸೆ ಇರುವುದರಿಂದ ಅದು ಓವನ್ನಿನಷ್ಟು ಬಿಸಿಯಾಗುವುದಿಲ್ಲ. ಆ ಪಸೆಯ ಆಶ್ರಯದಲ್ಲಿ ಕಡ್ಡಿ ಉಳಿದುಕೊಳ್ಳುತ್ತದೆ. ಅರ್ಧ ಚುಚ್ಚಿ ಬಿಟ್ಟರೆ ಸುಟ್ಟುಹೋಗುತ್ತದೆ. ಯಾವ ಕೋಳಿಗೆ ಅದು ಚುಚ್ಚಿದೆಯೋ ಅದೇ ಕೋಳಿ ಅದನ್ನು ಕಾಯುತ್ತದೆ. ಇದನ್ನು ಕೇಳಿ ನಾನು ಅಂಗಡಿಯಲ್ಲಿ ಬಣ್ಣ ಬೆರೆಸುತ್ತಾ ಇಡೀ ಮಧ್ಯಾಹ್ನ ಯೋಚಿಸಿದೆ. ಒಬ್ಬರು ಕೇಳಿದ ತಿಳಿ ಹಸಿರಿಗೆ ಹಳದಿ ಹೆಚ್ಚಾಗಿ ಮಾಲಕರಿಂದ ಮಾತು ಕೇಳಿದ್ದೂ ಅಂದೇ.

ತೊಳೆಯುವ ವಿಷಯದಲ್ಲಿ ಅಕ್ಕ ಬಹಳ ಕಟ್ಟುನಿಟ್ಟು. ಓವನ್ನಿನಿಂದ ತೆಗೆದ ಕೂಡಲೇ ತಣ್ಣೀರಿಗೆ ಹಾಕಬಾರದು, ಪಿಂಗಾಣಿ ಬಿರುಕು ಬಿಡುತ್ತದೆ. ಪೂರ್ತಿ ಆರುವವರೆಗೆ ಬಿಡಲೂ ಬಾರದು, ಮಸಾಲೆ ಅಂಟಿ ಕಲ್ಲಾಗುತ್ತದೆ. ಕೈ ತಾಳುವಷ್ಟು ಬಿಸಿ ಇರುವಾಗಲೇ ಒರೆಸಬೇಕು. ಪೆಟ್ಟಿಗೆಗೆ ಮಾತ್ರ ನೀರು ತಾಗಿಸಬಾರದು.

“ಬೆಚ್ಚಗಿನ ನೀರು, ಒಂದು ಚೂರು ಸೋಪು, ಮೆತ್ತಗಿನ ಬಟ್ಟೆ,” ಎನ್ನುತ್ತಿದ್ದಳು. “ಹುಟ್ಟಿದ ಮಗುವಿಗೂ ಇಷ್ಟೇ, ಇದಕ್ಕೂ ಇಷ್ಟೇ. ಶಶಿ, ನೀನು ನಾರು ಹಿಡ್ಕೊಂಡು ಇದರ ಹತ್ತಿರ ಬರಬೇಡ ಮಾರಾಯ್ತಿ.”

ಇಷ್ಟು ಹೇಳಿದ ಮೇಲೆ ಆಟಿಯ ಊಟದ ಬಗ್ಗೆ ಹೇಳಬೇಕು. ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು. ಆ ತಿಂಗಳಲ್ಲಿ ಒಂದು ಸಂಜೆ ಮನೆಯಿಂದ ತೀರಿಹೋದವರಿಗೆ ಬಾಳೆಲೆ ಹಾಕಿ ಬಡಿಸುವುದು ನಮ್ಮಲ್ಲಿ ಕ್ರಮ. ಒಳಗಿನ ಕೋಣೆಯಲ್ಲಿ ದೀಪ ಹಚ್ಚಿ, ಎಲೆಗಳ ಮೇಲೆ ಕೋಳಿ ಸಾರು, ಕಡುಬು, ಹೋದವರು ಇಷ್ಟಪಡುತ್ತಿದ್ದ ತಿಂಡಿ, ಎಲ್ಲ ಬಡಿಸುತ್ತಾರೆ. ಆಮೇಲೆ ಬಾಗಿಲು ಮುಚ್ಚಿ ಮನೆಯವರು ಹೊರಗೆ ಕುಳಿತಿರುತ್ತಾರೆ. ಬಂದವರು ಉಂಡು ಹೋದರು ಎನ್ನುವಷ್ಟು ಹೊತ್ತಾದ ಮೇಲೆ ಬಾಗಿಲು ತಟ್ಟಿ ತೆರೆಯುತ್ತಾರೆ. ಅಲ್ಲಿಯವರೆಗೆ ಇಣುಕುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ನಿಯಮ, ಅಡುಗೆ ಮಾಡುವಾಗ ಒಂದು ತೊಟ್ಟನ್ನೂ ಯಾರೂ ರುಚಿ ನೋಡುವಂತಿಲ್ಲ. ಮೊದಲ ತುತ್ತು ಅವರದು.

ಚಿಕ್ಕಂದಿನಲ್ಲಿ ಆ ದಿನ ನಮಗೆ ಬಹಳ ಕಷ್ಟದ ದಿನ. ಉಳಿದ ದಿನಗಳಲ್ಲಿ ಅಮ್ಮ ಸಾರು ಕುದಿಯುವಾಗ ನಮ್ಮ ಅಂಗೈಗೆ ಎರಡು ಹನಿ ಬಿಟ್ಟು ಉಪ್ಪು ಸಾಕೇ ಎಂದು ಕೇಳುತ್ತಿದ್ದಳು. ಉಪ್ಪು ಸಾಕಿದ್ದರೂ ಇನ್ನೊಮ್ಮೆ ನೋಡಬೇಕೆಂದು ನಾವು ಕೈ ಚಾಚುತ್ತಿದ್ದೆವು. ಆಟಿಯ ಆ ದಿನ ಅಂಗೈ ಖಾಲಿ. ಅಮ್ಮನೂ, ಅಮ್ಮನ ಅಕ್ಕನಾದ ದೊಡ್ಡಮ್ಮನೂ ಸೇರಿ ಅಡುಗೆ ಮಾಡುತ್ತಿದ್ದರು. ದೊಡ್ಡಮ್ಮ ಪಾತ್ರೆಗೆ ಕಿವಿಗೊಟ್ಟು, ಕುದಿಯುವ ಸದ್ದು ದಪ್ಪಗಾಯಿತು, ಇನ್ನು ಇಳಿಸಬಹುದು ಎನ್ನುತ್ತಿದ್ದರು. ನಾನೂ ಕಿವಿ ಕೊಡುತ್ತಿದ್ದೆ. ನನಗೆ ಕೇಳುತ್ತಿದ್ದುದು ನನ್ನದೇ ಹೊಟ್ಟೆಯ ಸದ್ದು.

ಅಕ್ಕ ಅಂದೂ ಪ್ರಶ್ನೆ ಕೇಳುವವಳೇ. “ದೊಡ್ಡಮ್ಮ, ಸತ್ತವರು ಬಿಸಿ ಬಿಸಿ ತಿಂತಾರಾ, ತಣ್ಣಗೆ ಮಾಡಿ ತಿಂತಾರಾ?”

“ನೀನು ಹೋದಾಗ ನೋಡಿಕೊಂಡು ಬಂದು ಹೇಳು,” ಎಂದಿದ್ದರು ದೊಡ್ಡಮ್ಮ. ಅಮ್ಮ ಅವರ ಮೇಲೆ ರೇಗಿದ್ದಳು. ಮಕ್ಕಳ ಹತ್ತಿರ ಆಡುವ ಮಾತೇ ಇದು ಎಂದು.

ಈ ಸಲ ಆಟಿ ಬರುವಾಗ ಅಮ್ಮ ಇರಲಿಲ್ಲ, ಅವಳು ಹೋಗಿ ಬಹಳ ಕಾಲವಾಗಿದೆ. ಅಕ್ಕನೂ ಇರಲಿಲ್ಲ. ಸಿದ್ಧಕಟ್ಟೆಯಿಂದ ದೊಡ್ಡಮ್ಮ ಬಸ್ಸಿನಲ್ಲಿ ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ಚೀಲದ ಬಾಯಿಯಿಂದ ಒಂದು ಹುಂಜದ ತಲೆ ಹೊರಗೆ ಬಂದು ನಮ್ಮ ಮನೆಯನ್ನು ಪರೀಕ್ಷಿಸುತ್ತಿತ್ತು.

“ಇನ್ನೂ ಕೂಗ್ಲಿಕ್ಕೆ ಕಲಿಯದ್ದು,” ಎಂದರು ದೊಡ್ಡಮ್ಮ. “ಎಳೆಯದ್ದು. ವಾರಿಜನಿಗೆ ಹಲ್ಲಿನ ತೊಂದರೆ ಇತ್ತಲ್ಲ.”

ಅಕ್ಕನ ಎಲೆಗೆ ಏನು ಬಡಿಸುವುದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಉಳಿದವರಿಗೆ ಹಮೀದ್ ಕಾಕನ ಕೋಳಿಯ ಸಾರು ಆಗಬಹುದು. ಅವಳಿಗೆ ಓವನ್ನಿನ ಇಡೀ ಕೋಳಿಯೇ ಆಗಬೇಕು. ಆದರೆ ಅವಳಿದ್ದಾಗ ನಾವು ಓವನ್ನಿಗೆ ಕೈ ಹಾಕಿದವರೇ ಅಲ್ಲ. ಅವಳೋ ಮೂಳೆಯ ಹತ್ತಿರ ಒಂದು ಚೂರು ಕೆಂಪು ಕಂಡರೆ ಎಲೆಯಿಂದ ಕೈ ತೆಗೆಯುವವಳು. ಮದುವೆ ಮನೆಗಳಲ್ಲಿಯೂ ಹಾಗೆ ಎದ್ದು ಬಂದಿದ್ದಳು. ಇಡೀ ಕೋಳಿ ಒಳಗೆ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ತುಂಡು ಮಾಡಿ ಬಾಯಿಗೆ ಹಾಕಬೇಕು. ಅದೊಂದನ್ನೇ ಮಾಡುವಂತಿಲ್ಲ. ದೊಡ್ಡಮ್ಮನ ಕಿವಿಯೂ ಈಗ ಮೊದಲಿನಂತಿಲ್ಲ, ಅಲ್ಲದೆ ಓವನ್ನಿನಲ್ಲಿ ಕುದಿಯುವ ಸದ್ದೇ ಇರುವುದಿಲ್ಲ. ಅವಳ ಮೊದಲ ಊಟವನ್ನು ಬೇಯದೆ ಬಡಿಸಿಬಿಟ್ಟರೆ ಎಂಬ ಚಿಂತೆ ನನ್ನನ್ನು ಹಿಡಿಯಿತು. ಬದುಕಿದ್ದರೆ ಬೈದಾದರೂ ಹೇಳುತ್ತಿದ್ದಳು. ಈಗ ಎದ್ದು ಹೋದರೆ ನಮಗೆ ತಿಳಿಯುವುದು ಹೇಗೆ?

ಹಾಗಾಗಿ ಹಿಂದಿನ ದಿನ ನಾನು ಫ್ರಿಜ್ಜಿನಿಂದ ಪೆಟ್ಟಿಗೆಯನ್ನು ತೆಗೆದೆ. ಅವಳು ಆಸ್ಪತ್ರೆ ಸೇರಿದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ತೆರೆದರೆ ಒಳಗೆ ಮಳೆಗಾಲದ ಬೂಷ್ಟು. ಪೆಟ್ಟಿಗೆಯ ಪುಟ್ಟ ಬ್ಯಾಟರಿ ಒಡೆದು ಬಿಳಿ ಪುಡಿ ಉದುರಿತ್ತು. ಕಡ್ಡಿ ಚಾರ್ಜ್ ಆಗಲು ತಾಗಿ ಕೂರುವ ಹಳದಿ ಲೋಹದ ಚುಕ್ಕಿಗಳು ಹಸಿರಾಗಿದ್ದವು. ಕಡ್ಡಿಯಲ್ಲಿ ಉಕ್ಕು ಮತ್ತು ಪಿಂಗಾಣಿ ಕೂಡುವ ಸಂದಿಯಲ್ಲಿ ಕಪ್ಪಗೆ ಏನೋ ಸುತ್ತಿಕೊಂಡಿತ್ತು. ಅಕ್ಕ ಕೊನೆಯ ಸಲ ಕೋಳಿ ಮಾಡಿದಾಗಿನ ಮಸಾಲೆ. ಅವಳು ಹಾಗೆ ಬಿಡುವವಳಲ್ಲ. ಅಂದು ಮೈ ಸರಿ ಇರಲಿಲ್ಲವೆಂದು ಕಾಣುತ್ತದೆ, ನಮಗೆ ಹೇಳಿರಲಿಲ್ಲ.

ಶಶಿ ಹುಣಸೆ ಹುಳಿ ಮತ್ತು ತೆಂಗಿನ ನಾರು ಹಿಡಿದುಕೊಂಡು ಬಂದಳು.

“ಕೊಡಿ ಇಲ್ಲಿ. ಒಂದು ನಿಮಿಷದಲ್ಲಿ ಫಳಫಳ ಮಾಡಿ ಕೊಡ್ತೇನೆ.”

“ನಾರು ಹಿಡ್ಕೊಂಡು ಹತ್ತಿರ ಬರಬೇಡ ಅಂತ ಹೇಳಿದ್ದಾಳೆ.”

“ಯಾರು?” ಎಂದು ಕೇಳಿದವಳು ನಾರನ್ನು ಮೋರಿಯ ಹತ್ತಿರ ಇಟ್ಟು, ಒಂದು ಹಳೆಯ ಬನಿಯನ್ ಹರಿದು ಕೊಟ್ಟಳು.

ಬೆಚ್ಚಗಿನ ನೀರಿಗೆ ಸೋಪು ಹಾಕಿ ಬಟ್ಟೆ ಅದ್ದಿ ಕಡ್ಡಿಯ ಸುತ್ತ ಕಟ್ಟಿ ಇಟ್ಟೆ. ಕಪ್ಪು ಮೆತ್ತಗಾಗಲಿ ಎಂದು. ನಮ್ಮ ಅಂಗಡಿಯಲ್ಲಿ ಒಣಗಿದ ಬ್ರಷ್ಷನ್ನು ಹೀಗೆಯೇ ಮಲಗಿಸುತ್ತೇವೆ. ಅವಸರ ಮಾಡಿದರೆ ಕೂದಲು ಉದುರುತ್ತದೆ. ಆಮೇಲೆ ಸೋಡಾ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ ಬೆರಳಿನಿಂದಲೇ ಉಜ್ಜಿದೆ. ಸಂದಿಗೆ ಹಲ್ಲುಜ್ಜುವ ಬ್ರಷ್. ಹಸಿರು ಚುಕ್ಕಿಗಳಿಗೆ ಅಕ್ಕನ ಮದ್ದಿನ ಡಬ್ಬಿಯಲ್ಲಿ ಉಳಿದಿದ್ದ ಸ್ಪಿರಿಟ್ಟು, ಹತ್ತಿ. ಅದಕ್ಕೂ ಹೋಗದ ಕಲೆಗೆ ಪೆನ್ಸಿಲ್ ಅಳಿಸುವ ರಬ್ಬರು. ಸ್ಪಿರಿಟ್ಟಿನ ವಾಸನೆ ಬಂದಾಗ ಶಶಿ ಅಡುಗೆಮನೆಯಿಂದ ಒಮ್ಮೆ ಇಣುಕಿ ನೋಡಿ ಹೋದಳು. ಅಕ್ಕ ಹತ್ತಿರ ಬಂದರೆ ಬರುತ್ತಿದ್ದುದು ಇದೇ ವಾಸನೆ.

ಅರಿಶಿನದ ಹಳದಿ ಮಾತ್ರ ಮರದ ಪೆಟ್ಟಿಗೆಯ ಅಂಚಿನಿಂದ ಹೋಗಲಿಲ್ಲ. ಅವಳ ಹೆಬ್ಬೆರಳು ತಾಗುತ್ತಿದ್ದ ಜಾಗ. ಹೋಗುವುದಿಲ್ಲವೆಂದು ತಿಳಿದ ಮೇಲೆ ಉಜ್ಜುವುದನ್ನು ನಿಲ್ಲಿಸಿದೆ.

ಹೊಸ ಬ್ಯಾಟರಿ ಹಾಕಿದಾಗ ಸಣ್ಣ ದೀಪ ಹೊತ್ತಿತು. ಮರುದಿನ ಬೆಳಿಗ್ಗೆ ಅಕ್ಕ ಮಾಡುತ್ತಿದ್ದಂತೆ ಪರೀಕ್ಷೆ ಮಾಡಿದೆ. ಐಸು ಹಾಕಿದ ನೀರಿನಲ್ಲಿ ಸೊನ್ನೆಯ ಹತ್ತಿರ ತೋರಿಸಬೇಕು, ಕುದಿಯುವ ನೀರಿನಲ್ಲಿ ನೂರರ ಹತ್ತಿರ. ತೋರಿಸಿತು. ಒಂದು ಕಡ್ಡಿ ಸುಳ್ಳು ಹೇಳುತ್ತಿಲ್ಲವೆಂದು ತಿಳಿಯಲು ಎಷ್ಟು ಸುಲಭದ ದಾರಿ ಎಂದು ಆಶ್ಚರ್ಯವಾಯಿತು.

ಅಷ್ಟರಲ್ಲಿ ದೊಡ್ಡಮ್ಮ ಹಿಂದೆ ಬಂದು ನಿಂತಿದ್ದರು.

“ಎಂತ ಇದು? ಅಡುಗೆ ಸಾಮಾನಾ, ಮದ್ದಿನ ಸಾಮಾನಾ?”

ನಾನು ವಿವರಿಸಿದೆ. ಅವರು ಕಡ್ಡಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಇದನ್ನು ಕೋಳಿಗೆ ಚುಚ್ಚುವುದು ರುಚಿ ನೋಡಿದ ಹಾಗೆ ಆಗ್ಲಿಕ್ಕಿಲ್ವಾ?”

“ಇದಕ್ಕೆ ನಾಲಗೆ ಇಲ್ಲ ದೊಡ್ಡಮ್ಮ. ಬಿಸಿ ಮಾತ್ರ ಗೊತ್ತಾಗ್ತದೆ. ಉಪ್ಪು, ಹುಳಿ ಒಂದೂ ಗೊತ್ತಾಗುದಿಲ್ಲ.”

“ಯಾರ ಬಾಯಿಗಾದ್ರೂ ಹೋಗಿದೆಯಾ?”

“ಬಾಯಿಗೆ ಹೋಗ್ಲಿಲ್ಲ,” ಎಂದಳು ಶಶಿ ಒಳಗಿನಿಂದ. “ಇವರ ಕಂಕುಳಿಗೆ ಹೋಗಿದೆ.”

ದೊಡ್ಡಮ್ಮ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಕಡ್ಡಿಯನ್ನು ಇನ್ನೊಮ್ಮೆ ತೊಳೆಯಬೇಕಾಯಿತು. ಈ ಸಲ ಅವರೇ ಎದುರು ನಿಂತು, ಮೇಲಿನಿಂದ ಬಿಸಿನೀರು ಹೊಯ್ಯಿಸಿ, ಸಾಲದೆಂದು ತುಳಸಿಯ ನೀರನ್ನೂ ಚಿಮುಕಿಸಿದರು.

ಕೋಳಿ ಓವನ್ನಿಗೆ ಹೋದದ್ದು ಮಧ್ಯಾಹ್ನ ಕಳೆದು. ಕಡ್ಡಿ ಗೆರೆಯವರೆಗೆ ಒಳಗೆ ಹೋಗಿದೆಯೇ ಎಂದು ಎರಡು ಸಲ ನೋಡಿದೆ. ದೊಡ್ಡಮ್ಮ ಸಾರಿಗೂ ಕಡುಬಿಗೂ ಕುಳಿತರು, ಆದರೆ ಅವರ ಕಣ್ಣು ಮೇಜಿನ ಮೇಲಿನ ಮೊಬೈಲಿನ ಕಡೆಗೇ ಇತ್ತು. ಎಪ್ಪತ್ತನಾಲ್ಕು ದಾಟಿದಾಗ ತೆಗೆಯಲು ಹೋದ ನನ್ನನ್ನು ತಡೆದರು.

“ಬ್ರಾಯ್ಲರಿಗೆ ಆಯ್ತು ಅದು. ಇದು ಓಡಾಡಿದ ಕಾಲು. ಇನ್ನೊಂದು ಸ್ವಲ್ಪ ಇರಲಿ.”

ಎಂಬತ್ತು ದಾಟುವವರೆಗೆ ಬಿಟ್ಟೆವು. ಹೊರಗೆ ತೆಗೆದು ಮುಚ್ಚಿ ಇಟ್ಟೆವು. ಕಡ್ಡಿಯನ್ನು ಕೂಡಲೇ ಕೀಳಬಾರದು, ಕೋಳಿಯ ರಸ ಹರಿದುಹೋಗುತ್ತದೆ ಎಂಬುದು ಅಕ್ಕನ ಇನ್ನೊಂದು ಮಾತು. ಹಾಗಾಗಿ ಕೀಳಲಿಲ್ಲ. ಅಷ್ಟರಲ್ಲಿ ಎಲೆ ಒರೆಸುವುದು, ದೀಪಕ್ಕೆ ಎಣ್ಣೆ, ಹಿರಿಯರಿಗೆ ಮಡಚಿದ ಬಿಳಿ ಬಟ್ಟೆ ಎಂದು ಗಡಿಬಿಡಿ. ಸಂಜೆ ಇಳಿದಾಗ ಎಲ್ಲ ಎಲೆಗಳಿಗೂ ಬಡಿಸಿ, ಹೊಸದಾಗಿ ಹಾಕಿದ ಅಕ್ಕನ ಎಲೆಯ ನಡುವೆ ಇಡೀ ಕೋಳಿಯನ್ನು ಕೂರಿಸಿದೆವು. ಶಶಿ ಮೇಲಿನಿಂದ ಹುರಿದ ಈರುಳ್ಳಿ, ಕರಿಬೇವು ಹರಡಿದಳು.

“ವಾರಿಜ, ಬಾ ಮಗಾ. ನಿನಗೆ ಬೇಕಾದ ಹಾಗೆ ಮಾಡಿದ್ದೇವೆ. ಹೆಚ್ಚುಕಮ್ಮಿ ಇದ್ರೆ ಹೊಟ್ಟೆಗೆ ಹಾಕಿಕೋ,” ಎಂದರು ದೊಡ್ಡಮ್ಮ. ಎಲ್ಲರೂ ಕೈಮುಗಿದು ಹೊರಗೆ ಬಂದೆವು. ಬಾಗಿಲು ಮುಚ್ಚಿತು.

ಚಾವಡಿಯ ಬೆಂಚಿನಲ್ಲಿ ಮೂವರೂ ಕುಳಿತೆವು. ಹೊರಗೆ ಮಳೆ ಬಿಟ್ಟಿತ್ತು. ಅಂಗಿಯ ಕಿಸೆಯಲ್ಲಿ ಮೊಬೈಲು ಒಮ್ಮೆ ನಡುಗಿತು. ತೆಗೆದು ನೋಡಿದರೆ ಅದರಲ್ಲಿ ಕೋಳಿಯ ಚಿತ್ರ, ಕೆಳಗೆ ನಲವತ್ತೊಂಬತ್ತು ಎಂಬ ಅಂಕಿ. ನೋಡುತ್ತಿದ್ದಂತೆ ನಲವತ್ತೆಂಟಾಯಿತು.

ಕಡ್ಡಿ ಕೋಳಿಯಲ್ಲೇ ಇತ್ತು.

ನನ್ನ ಮುಖ ನೋಡಿ ಶಶಿಗೆ ತಿಳಿಯಿತು. ಅವಳು ಬಾಯಿಗೆ ಕೈ ಹಿಡಿದಳು. “ಈರುಳ್ಳಿಯ ಅಡಿಯಲ್ಲಿ ಆಗಿಹೋಯ್ತು. ನಾನೇ ಮುಚ್ಚಿದ್ದು.”

ಅದು ಬರೀ ಮರೆವಿನ ವಿಷಯವಾಗಿದ್ದರೆ ನಕ್ಕುಬಿಡಬಹುದಿತ್ತು. ನಮ್ಮ ಕಡೆ ಸಂಜೆಯ ಮೇಲೆ ಮಾಂಸದ ಪಾತ್ರೆಯನ್ನು ಇನ್ನೊಂದು ಮನೆಗೆ ಒಯ್ಯುವಾಗ ಅದರ ಮೇಲೆ ಒಂದು ಕಬ್ಬಿಣದ ಮೊಳೆ ಇಡುತ್ತಾರೆ. ದಾರಿಯಲ್ಲಿ ಸತ್ತವರು ಯಾರೂ ಅದನ್ನು ಮುಟ್ಟದಿರಲಿ ಎಂದು. ಕಬ್ಬಿಣ ಇದ್ದಲ್ಲಿಗೆ ಅವರು ಬರುವುದಿಲ್ಲವಂತೆ. ಯಾರನ್ನು ಊಟಕ್ಕೆ ಕರೆದಿದ್ದೆವೋ ಅವಳ ಎಲೆಯ ನಟ್ಟನಡುವೆ, ಅವಳ ಕೋಳಿಯ ಎದೆಯಲ್ಲಿ, ನಾವು ಅದನ್ನೇ ನೆಟ್ಟು ಬಂದಿದ್ದೆವು.

“ತೆಗೆದು ಬರ್ತೇನೆ,” ಎಂದು ಎದ್ದೆ.

“ಕೂತ್ಕೋ,” ಎಂದರು ದೊಡ್ಡಮ್ಮ. “ಉಣ್ಣಲಿಕ್ಕೆ ಕೂತವರನ್ನು ಎಬ್ಬಿಸುದಾ? ಮುಚ್ಚಿದ ಬಾಗಿಲು ಹೊತ್ತಾಗದೆ ತೆಗಿಲಿಕ್ಕಿಲ್ಲ.” ನಾನು ಕುಳಿತ ಮೇಲೆ ಕೇಳಿದರು. “ಅದು ಕಬ್ಬಿಣವೇ ಅಂತ ಉಂಟಾ?”

“ಸ್ಟೀಲು.”

“ಸ್ಟೀಲ್ ಅಂದ್ರೆ?”

ಕಬ್ಬಿಣದ ಗೇಟುಗಳಿಗೆ ಬಣ್ಣ ಮಾರುವ ನನಗೆ ಸುಳ್ಳು ಹೇಳಲಾಗಲಿಲ್ಲ. “ತುಕ್ಕು ಹಿಡಿಯದ ಕಬ್ಬಿಣ.”

“ಅಲ್ಲ,” ಎಂದಳು ಶಶಿ. “ಪೆಟ್ಟಿಗೆಯಲ್ಲಿ ಅಷ್ಟು ಗಟ್ಟಿ ಅಯಸ್ಕಾಂತ ಉಂಟಲ್ಲ, ಕಡ್ಡಿ ಅದಕ್ಕೆ ಅಂಟುದೇ ಇಲ್ಲ. ನಾನು ಎಷ್ಟೋ ಸಲ ನೋಡಿದ್ದೇನೆ. ಅಯಸ್ಕಾಂತ ಹಿಡಿಯದ್ದು ಕಬ್ಬಿಣ ಹೇಗಾಗ್ತದೆ?”

ಅದು ನಿಜ. ಯಾಕೆ ಹಾಗೆ ಎಂದು ನನಗೆ ಗೊತ್ತಿಲ್ಲ. ಅಕ್ಕನಾದರೆ ಯಾರನ್ನಾದರೂ ಕೇಳಿ ತಿಳಿದುಕೊಂಡಿರುತ್ತಿದ್ದಳು. ದೊಡ್ಡಮ್ಮ ಆ ವಾದವನ್ನು ತೂಗಿ ನೋಡುವವರಂತೆ ತಲೆ ಆಡಿಸುತ್ತಾ ಕುಳಿತರು. ಕೊನೆಗೆ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

“ಕಬ್ಬಿಣವಾದ್ರೂ ಆಗಲಿ. ಅವಳು ಜೀವಮಾನ ಇಡೀ ಸೂಜಿ ಹಿಡಿದವಳು. ಸೂಜಿ ಕಂಡು ಓಡ್ಲಿಕ್ಕೆ ಅವಳೇನು ನೀನಾ? ಕಿತ್ತು ಪಕ್ಕಕ್ಕೆ ಇಟ್ಟು ಉಣ್ತಾಳೆ.”

ಶಶಿ ನಕ್ಕಳು. ನನಗೂ ನಗು ಬಂತು. ಮೊಬೈಲನ್ನು ಕಿಸೆಗೆ ಹಾಕಬೇಕೆಂದಿದ್ದೆ, ಹಾಕಲಿಲ್ಲ. ಇಣುಕಬಾರದೆಂಬ ನಿಯಮ ಕಣ್ಣಿಗೆ. ಅಂಕಿ ನೋಡಬಾರದೆಂದು ಯಾರೂ ಹೇಳಿಲ್ಲ. ಹೇಳಿದವರ ಕಾಲದಲ್ಲಿ ಬಾಗಿಲಿನಾಚೆಯಿಂದ ಮಾತಾಡುವ ಕಡ್ಡಿ ಇರಲಿಲ್ಲ.

ದೊಡ್ಡಮ್ಮನೇ ಮೊದಲು ಕೇಳಿದರು. “ಈಗ ಎಷ್ಟು?”

“ನಲವತ್ತಾರು.”

ಮತ್ತೆ ಸ್ವಲ್ಪ ಹೊತ್ತು. “ಈಗ ಎಷ್ಟು?” ಈ ಸಲ ಶಶಿ.

“ನಲವತ್ತೈದು.”

ಹೇಳಿದ ಮೇಲೆ ನನ್ನ ನಗು ನಿಂತುಹೋಯಿತು. ಚಳಿಗಾಲದಲ್ಲಿ, ಮಂಗಳೂರಿನ ಆಸ್ಪತ್ರೆಯ ಮುಚ್ಚಿದ ಬಾಗಿಲಿನ ಹೊರಗೆ, ನಾವು ಮೂವರೂ ಹೀಗೆಯೇ ಒಂದೇ ಬೆಂಚಿನಲ್ಲಿ ಕುಳಿತಿದ್ದೆವು. ಒಳಗಿನಿಂದ ನರ್ಸ್ ಬಂದಾಗಲೆಲ್ಲ ಎದ್ದು ಕೇಳುತ್ತಿದ್ದುದು ಇದೇ ಮಾತು. ಉಸಿರಿನದ್ದು ಎಷ್ಟು, ರಕ್ತದೊತ್ತಡದ್ದು ಎಷ್ಟು. ಅವರು ಒಂದು ಅಂಕಿ ಹೇಳಿ ಹೋಗುತ್ತಿದ್ದರು. ಹಿಂದಿನ ಸಲಕ್ಕಿಂತ ಅದು ಕೆಳಗೆ ಇರುತ್ತಿತ್ತು. ಆ ಬಾಗಿಲನ್ನೂ ನಾವಾಗಿ ತೆರೆಯುವಂತಿರಲಿಲ್ಲ. ಕೊನೆಕೊನೆಗೆ ನಾನು ಕೇಳುವುದನ್ನೇ ಬಿಟ್ಟು ಗೋಡೆಯ ಬಣ್ಣ ನೋಡುತ್ತಾ ಕುಳಿತಿದ್ದೆ.

ಶಶಿಗೂ ಅದು ನೆನಪಾಗಿರಬೇಕು. ಅವಳು ಇನ್ನು ಕೇಳಲಿಲ್ಲ. ದೊಡ್ಡಮ್ಮ ಮಾತ್ರ ಕೇಳಿದರು.

“ಈಗ ಎಷ್ಟು ಸದಾ?”

“ನಲವತ್ತೆರಡು. ಇಳೀತಾ ಉಂಟು,” ಎಂದೆ.

ದೊಡ್ಡಮ್ಮ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. “ಇಳಿಯಲಿ ಮಗಾ. ಅಷ್ಟು ಬಿಸಿ ಹೇಗೆ ಮುಟ್ಟುದು ಅವಳು? ಸ್ವಲ್ಪ ಆರಬೇಡವಾ?”

ಶಶಿ ಬೆಂಚಿನ ಮೇಲೆ ನನ್ನ ಹತ್ತಿರಕ್ಕೆ ಸರಿದು, ಬಾಗಿ, ಮೊಬೈಲು ನೋಡಿದಳು.

“ನಲವತ್ತೊಂದು,” ಎಂದಳು, ಯಾರೂ ಕೇಳದಿದ್ದರೂ.

“ಹಾಂ, ಇನ್ನು ಉಣ್ಣಬಹುದು,” ಎಂದರು ದೊಡ್ಡಮ್ಮ, ಬಾಗಿಲಿನಾಚೆ ಕೇಳುವಷ್ಟು ಗಟ್ಟಿಯಾಗಿ.